ಎಡಕ್ಕೆ ಬಿದ್ದ ಹೂವು

ಈಗಿನ ಮಂದಿಗೆ ದೇವರ ಮೇಲೆ ಭಕ್ತಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಾದ ನನ್ನ ಬಸ್ಸಿನಲ್ಲಿ ವಾರಕ್ಕೊಮ್ಮೆಯಾದರೂ ಹತ್ತುತ್ತಿತ್ತು. ಚಿಕ್ಕೋಡಿಯಲ್ಲಿ ಹತ್ತುವ ಮಾಸ್ತರರು ಕಡಿಮೆಯಾಯಿತು ಅನ್ನುವರು. ಪಕ್ಕದಲ್ಲಿ ಕೂತ ಅಡತಿ ಅಂಗಡಿಯವರು ಹೆಚ್ಚಾಯಿತು ಅನ್ನುವರು. ಇಬ್ಬರೂ ನನ್ನ ಮುಖ ನೋಡುವರು, ಕಂಡಕ್ಟರ್ ಎಂದರೆ ಜಡ್ಜ್ ಇದ್ದಂತೆ. ನಾನು ಟಿಕೆಟ್ ಹರಿಯುತ್ತ ಸುಮ್ಮನಿರುತ್ತಿದ್ದೆ, ಆದರೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಅಲ್ಲರೀ, ಈ ಬಸ್ಸು ಹೊರಡುವ ರಾಯಬಾಗದ ಕಡೆ ಒಂದು ಕಥೆ, ಹೋಗಿ ಮುಟ್ಟುವ ನಿಪ್ಪಾಣಿಯಲ್ಲಿ ಇನ್ನೊಂದು ಕಥೆ. ನಡುವೆ ಸೀಟಿನಲ್ಲಿ ಕೂತು ನೀವೇನು ತೀರ್ಮಾನ ಮಾಡುತ್ತೀರಿ? ಎರಡೂ ಕಡೆ ದೇವರನ್ನು ಇಟ್ಟುಕೊಂಡು ಬದುಕಿದವಳು ನನಗೆ ಗೊತ್ತಿರುವಂತೆ ಒಬ್ಬಳೇ. ನಮ್ಮ ಚಿಗವ್ವ ಸತ್ತೆವ್ವ. ಅವಳ ಕಥೆ ಕೇಳಿ, ಆಮೇಲೆ ಬೇಕಾದಷ್ಟು ವಾದ ಮಾಡಿಕೊಳ್ಳಿ.

ಚಿಗವ್ವ ಎಂದರೆ ನಮ್ಮಪ್ಪನ ತಮ್ಮ ಧೂಳಪ್ಪ ಕಾಕಾನ ಹೆಂಡತಿ. ಹಾರೂಗೇರಿಯಲ್ಲಿ ಬಸ್ಸು ಇಳಿದು ಒಳಗೆ ನಡೆದು ಹೋಗಬೇಕಾದ ಹಳ್ಳಿ ನಮ್ಮದು. ಕುರಿಗಾರರ ಮನೆತನ. ಬೀರಪ್ಪನ ಪೂಜೆ ಕಾಕಾನ ಪಾಲಿಗೆ ಬಂದಿತ್ತು. ಗುಡಿ ಎಂದರೆ ದೊಡ್ಡ ಗುಡಿಯಲ್ಲ, ಬೇವಿನ ಗಿಡದ ಕೆಳಗೆ ನಾಲ್ಕು ಕಂಬ, ಮೇಲೊಂದು ತಗಡು, ಒಳಗೊಂದು ಕರೀ ಕಲ್ಲು. ಆ ಕಲ್ಲಿಗೆ ಹೂ ಹಚ್ಚಿ ಕೇಳುವ ಪದ್ಧತಿ ಇತ್ತು. ಚೆಂಡು ಹೂವಿನ ಎರಡು ಎಸಳನ್ನು ನೀರಲ್ಲಿ ಅದ್ದಿ, ಕಲ್ಲಿನ ಬಲ ಹೆಗಲಿಗೊಂದು ಎಡ ಹೆಗಲಿಗೊಂದು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಕೇಳಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ದೇವರು ಹೂಂ ಅಂದ. ಎಡಗಡೆಯದು ಬಿದ್ದರೆ ಬೇಡ ಅಂದ. ಅಲ್ಲಿಗೆ ಮುಗಿಯಿತು, ಅದರ ಮೇಲೆ ಅಪೀಲು ಇಲ್ಲ.

ಎಂಬತ್ತರ ಸುಮಾರಿಗೆ ಭಾನುವಾರ ಬಂತೆಂದರೆ ಆ ತಗಡಿನ ಕೆಳಗೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಬಿತ್ತಲೋ ಬೇಡವೋ, ಕುರಿ ಹಿಂಡನ್ನು ಹೊಳೆಯಾಚೆ ಹೊಡೆಯಲೋ ಇಲ್ಲೇ ಇಟ್ಟುಕೊಳ್ಳಲೋ, ಕೂಸಿನ ಜ್ವರ ಇಳಿಯುತ್ತದೋ ಇಲ್ಲವೋ, ಎಲ್ಲವನ್ನೂ ಕಲ್ಲಿಗೇ ಕೇಳಬೇಕು. ಕಾಕಾ ತೀರಿಕೊಂಡಾಗ ಅವನಿಗೆ ಇದ್ದದ್ದು ತಾರವ್ವ ಎಂಬ ಒಬ್ಬಳೇ ಮಗಳು, ಅವಳಿನ್ನೂ ಲಂಗ ಉಡುವ ಹುಡುಗಿ. ಸಾಯುವ ಮುಂಚೆ ಕಾಕಾ ಹೆಂಡತಿಯನ್ನು ಕರೆದು ಪೂಜೆಯ ಕ್ರಮವನ್ನೆಲ್ಲ ಹೇಳಿಕೊಟ್ಟ. ಹೆಂಗಸು ಹೂ ಹಚ್ಚುವುದೇ ಎಂದು ಹಿರಿಯರು ಗೊಣಗಿದರು. ಎರಡು ಭಾನುವಾರ ಗೊಣಗಿ, ಮೂರನೆಯದಕ್ಕೆ ಅವರೇ ಬಂದು ಸಾಲಿನಲ್ಲಿ ನಿಂತರು. ಗರಜು ಯಾರಪ್ಪನ ಮನೆಯದು?

ಆಮೇಲೆ ಕಾಲುವೆಗೆ ನೀರು ಬಂತು. ನೀರಿನ ಹಿಂದೆ ಕಬ್ಬು ಬಂತು. ಕಬ್ಬಿನ ಹಿಂದೆ ಸಿಮೆಂಟಿನ ಮನೆ, ಮೋಟಾರ್ ಸೈಕಲ್, ಇಂಜೆಕ್ಷನ್ ಡಾಕ್ಟರು. ಕುರಿ ಸಾಕುತ್ತಿದ್ದವರು ಕುರಿ ಮಾರಿದರು. ಇಟ್ಟುಕೊಂಡವರ ಕುರಿಗೂ ಸರಕಾರದವರೇ ಬಂದು ಸೂಜಿ ಚುಚ್ಚಿ ಹೋಗತೊಡಗಿದರು. ಊರಲ್ಲಿ ಯಾರೂ ದೇವರಿಲ್ಲ ಅನ್ನಲಿಲ್ಲ. ಯಾರೂ ಬೀರಪ್ಪನ ಮೇಲೆ ಸಿಟ್ಟಾಗಲಿಲ್ಲ. ಅವನಿಗೆ ಕೇಳಲು ಅವರ ಹತ್ತಿರ ಏನೂ ಉಳಿಯಲಿಲ್ಲ, ಅಷ್ಟೇ. ಮಳೆ ಬರುತ್ತದೋ ಇಲ್ಲವೋ ಎಂದು ಎದೆ ಹಿಡಿದುಕೊಂಡು ನಿಂತವನಿಗೆ ಕಲ್ಲು ಬೇಕು. ಕಾಲುವೆಯ ತೂಬು ಎತ್ತುವವನಿಗೆ ತೂಬಿನ ಸಾಹೇಬನ ಪರಿಚಯ ಸಾಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಚಿಗವ್ವನ ಹೊಲ ದಿನ್ನೆಯ ಮೇಲಿತ್ತು, ಕಾಲುವೆಯ ನೀರು ಅಲ್ಲಿಗೆ ಹತ್ತಲಿಲ್ಲ. ಊರಿಗೆ ಊರೇ ಹಸಿರಾದಾಗ ಅವಳ ತುಣುಕು ಮಾತ್ರ ಒಣಗಿತ್ತು. ಗುಡಿಗೆ ಬರುತ್ತಿದ್ದ ಜೋಳ, ಎಣ್ಣೆ, ಕಾಯಿಯೂ ನಿಂತವು. ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತರೂ ಒಬ್ಬರೂ ಬರಲಿಲ್ಲ. ಆವತ್ತು ಅವಳು ದಾರಿಯಲ್ಲಿ ಹೋಗುತ್ತಿದ್ದ ಹುಡುಗನೊಬ್ಬನನ್ನು ಕರೆದು, ಅವನ ಕೈಯಿಂದ ಬಲ ಎಡ ಎರಡೂ ಎಸಳು ಹಚ್ಚಿಸಿ ಅದೇನೋ ಕೇಳಿದಳಂತೆ. ಏನು ಕೇಳಿದಳೋ ನನಗೆ ಹೇಳಲಿಲ್ಲ. ಮುಂದಿನ ವಾರ ನನ್ನದೇ ಬಸ್ಸಿಗೆ ಬಂದಳು. ಒಂದು ಕೈಯಲ್ಲಿ ತಾರವ್ವ, ಇನ್ನೊಂದು ಕೈಯಲ್ಲಿ ಕಂಬಳಿಯ ಗಂಟು. ಗಂಟಿನಲ್ಲೇನು ಎಂದರೆ ಬೀರಪ್ಪ. ದೊಡ್ಡ ಕಲ್ಲಿನ ಪಕ್ಕದಲ್ಲಿ ಪೂಜೆ ಮಾಡುತ್ತಿದ್ದ ಚಿಕ್ಕ ಕಲ್ಲನ್ನು ಎತ್ತಿಕೊಂಡು ಬಂದಿದ್ದಳು. ಇವನಿಗೂ ಟಿಕೆಟ್ ತೆಗೆಯಬೇಕಲ್ಲ ಚಿಗವ್ವ ಎಂದು ನಾನು ಚೇಷ್ಟೆ ಮಾಡಿದೆ. ಮಡಿಲಲ್ಲಿ ಕೂತ ಕೂಸಿಗೆ ಯಾವ ಟಿಕೆಟ್ಟು ಎಂದು ಬೈದು, ಕಿಡಕಿಯ ಕಡೆ ಮುಖ ಮಾಡಿ ಕೂತಳು.

ನಿಪ್ಪಾಣಿಯಲ್ಲಿ ಅವಳಿಗೆ ತಂಬಾಕಿನ ವಖಾರಿಯಲ್ಲಿ ಕೆಲಸ ಸಿಕ್ಕಿತು. ತಂಬಾಕು ಕುಟ್ಟುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು. ಒಳಗೆ ಕಾಲಿಟ್ಟರೆ ಕಣ್ಣಲ್ಲಿ ನೀರು, ಗಂಟಲಲ್ಲಿ ಬೆಂಕಿ. ಅಲ್ಲಿ ದುಡಿಯುವವರೆಲ್ಲ ಹೆಂಗಸರು. ಇವತ್ತು ಇದ್ದ ಕೆಲಸ ನಾಳೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಕುಡಿಯುವ ಗಂಡ, ಬಾಡಿಗೆಗೆ ಬಾಗಿಲು ಬಡಿಯುವ ಮಾಲಕ, ಎದೆಯಲ್ಲಿ ಕೆಮ್ಮು. ಚಿಗವ್ವ ಬಾಡಿಗೆಗೆ ಹಿಡಿದ ಕೋಣೆಯ ಮೂಲೆಯಲ್ಲಿ ಕಲ್ಲನ್ನು ಇಟ್ಟು, ಅರಿಸಿನದ ಭಂಡಾರ ಹಚ್ಚಿ, ತನ್ನ ಪಾಡಿಗೆ ತಾನು ಕೈಮುಗಿದುಕೊಂಡಿದ್ದಳು. ಪಕ್ಕದ ಮನೆಯ ಮಲಕವ್ವ ಒಂದು ದಿನ ಬಾಗಿಲಲ್ಲಿ ನಿಂತು, ಗಂಡ ಹೊಡೆದು ಹೊರಗೆ ಹಾಕಿದ್ದಾನೆ, ತವರಿಗೆ ಹೋಗಲೋ ಇಲ್ಲೇ ಸಾಯಲೋ ಕೇಳಕ್ಕಾ ಎಂದು ಅತ್ತಳು. ಚಿಗವ್ವ ಹೂ ಹಚ್ಚಿದಳು. ಅಲ್ಲಿಂದ ಶುರುವಾಯಿತು ನೋಡಿ.

ಎರಡು ಮೂರು ವರ್ಷದಲ್ಲಿ ಆ ಓಣಿಗೆ ಸತ್ತೆವ್ವನ ಓಣಿ ಎಂದೇ ಹೆಸರಾಯಿತು. ಭಾನುವಾರ ಬಾಗಿಲಿನಿಂದ ನಲ್ಲಿಯವರೆಗೆ ಹೆಂಗಸರು. ಕನ್ನಡದವರು, ಮರಾಠಿಯವರು. ಮರಾಠಿಯವರು ಇದಕ್ಕೆ ಕೌಲ ಅನ್ನುತ್ತಿದ್ದರು. ಎದುರು ಮನೆಯ ಮೆಹರುಬಿಯೂ ಬರುತ್ತಿದ್ದಳು. ಮೆಹರುಬಿ ಬೀಡಿ ಸುತ್ತುವವಳು, ಬಾಗಿಲ ಹೊರಗೇ ಕೂತು ಎಲೆ ಕತ್ತರಿಸುತ್ತ ಬಂದವರಿಗೆಲ್ಲ ಸಾಲು ಹಚ್ಚುವುದು ಅವಳ ಉಸಾಬರಿ. ಅವಳ ಗಂಡ ಜಾಫರಸಾಬ ಟೆಂಪೋ ಓಡಿಸುತ್ತಿದ್ದ. ಚಿಗವ್ವನೂ ಅವಳೂ ಒಂದೇ ಒಲೆಯ ಬೆಂಕಿಯನ್ನು ಹಂಚಿಕೊಂಡು ಬದುಕಿದವರು. ಮೊಹರಮ್ಮಿನಲ್ಲಿ ಚೊಂಗೆ ಈ ಕಡೆ ಬರುತ್ತಿತ್ತು, ದೀಪಾವಳಿಯಲ್ಲಿ ಕರಚಿಕಾಯಿ ಆ ಕಡೆ ಹೋಗುತ್ತಿತ್ತು.

ನನಗೆ ಮಾತ್ರ ಇದು ಬಗೆಹರಿಯಲಿಲ್ಲ. ಊರಲ್ಲಿ ಅದೇ ದೇವರು, ಅದೇ ಪೂಜಾರಿ, ಅದೇ ಹೂವು; ಅಲ್ಲಿ ನೊಣ ಹೊಡೆಯುತ್ತ ಕೂತಿದ್ದವಳು ಇಲ್ಲಿ ಉಣ್ಣಲಿಕ್ಕೆ ಪುರುಸೊತ್ತಿಲ್ಲದವಳಾದಳು. ಸಂಕಟ ಬಂದಾಗ ವೆಂಕಟರಮಣ ಎನ್ನುವುದು ಇದೇ ಇರಬೇಕು ಎಂದುಕೊಂಡೆ. ಆದರೆ ಅದು ಅರ್ಧ ಮಾತು ಎಂದು ಆಮೇಲೆ ತಿಳಿಯಿತು.

ಬಸ್ಸು ರಾತ್ರಿ ನಿಪ್ಪಾಣಿಯಲ್ಲೇ ನಿಲ್ಲುವುದರಿಂದ ನಾನು ಉಳಿಯುತ್ತಿದ್ದುದು ಚಿಗವ್ವನ ಮನೆಯಲ್ಲೇ. ಒಂದು ಭಾನುವಾರ ನನಗೆ ಡ್ಯೂಟಿ ಇರಲಿಲ್ಲ, ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಮಲಕವ್ವ ಬಂದಿದ್ದಳು. ಅವಳಿಗೆ ಎದೆರೋಗ ಎಂದು ಸರಕಾರಿ ದವಾಖಾನೆಯವರು ತಿಂಗಳುಗಟ್ಟಲೆ ಗುಳಿಗೆ ನುಂಗಲು ಹೇಳಿದ್ದರು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಕೆಲಸ ಮಾಡಲಾಗುವುದಿಲ್ಲ, ಬಿಟ್ಟುಬಿಡುತ್ತೇನೆ, ಗುಳಿಗೆ ತಗೊಳ್ಳಲೇಬೇಕೋ ಏನೋ ಕೇಳಕ್ಕಾ ಎಂದಳು. ಚಿಗವ್ವ ತಂಬಿಗೆಗೆ ಕೈ ಹಾಕಿ ಎಸಳು ಅದ್ದಿದಳು. ಬಲದ ಎಸಳನ್ನು ಸುಮ್ಮನೆ ತಾಗಿಸಿದಳು. ಎಡದ್ದನ್ನು ಹಚ್ಚುವ ಮುಂಚೆ ಹೆಬ್ಬೆರಳನ್ನು ಇನ್ನೊಮ್ಮೆ ತಂಬಿಗೆಯೊಳಗೆ ಮುಳುಗಿಸಿ, ತೊಯ್ದ ಬೆರಳಿನಿಂದ ಚಪ್ಪಟೆಯಾಗಿ ಒತ್ತಿದಳು. ದಿನವಿಡೀ ಬೆರಳು ತೊಯಿಸಿಕೊಂಡು ಟಿಕೆಟ್ ಎತ್ತುವವನು ನಾನು. ತೊಯ್ದ ಕಾಗದ ಹೇಗೆ ಕೈಬಿಡುವುದಿಲ್ಲ, ಒಣಗಿದ್ದು ಹೇಗೆ ಜಾರಿ ಬೀಳುತ್ತದೆ ಎಂಬುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ ಬಲದ ಎಸಳು ಕೆಳಗೆ ಬಿತ್ತು. ಗುಳಿಗೆ ತಗೋ ಅಂದಾನ ನೋಡ ಎಂದಳು ಚಿಗವ್ವ. ಮಲಕವ್ವ ಕಣ್ಣೊರೆಸಿಕೊಂಡು ಹೋದಳು. ಗುಳಿಗೆ ಮುಗಿಸಿದಳು, ಬದುಕಿದಳು.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ. ಚಿಗವ್ವ ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. ಡಾಕ್ಟರು ಹೇಳಿದರೆ ಇವರು ಕೇಳುವುದಿಲ್ಲ, ನಾನು ಹೇಳಿದರೂ ಕೇಳುವುದಿಲ್ಲ, ಅವನು ಹೇಳಿದರೆ ಕೇಳುತ್ತಾರೆ, ಆದ್ದರಿಂದ ಅವನ ಬಾಯಿಂದ ಹೇಳಿಸುತ್ತೇನೆ ಎಂದಳು. ನಿನ್ನ ಕಾಕಾನೂ ಹೀಗೇ ಮಾಡುತ್ತಿದ್ದ, ಊರ ಅಗಸೆ ಬಾಗಿಲಲ್ಲಿ ನಿಂತು ಮೋಡ ನೋಡಿಕೊಂಡು ಬಂದೇ ಹೂ ಹಚ್ಚುತ್ತಿದ್ದ ಎಂದೂ ಸೇರಿಸಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಉಲ್ಟಾ. ದೇವರು ಕೊಡದಿದ್ದರೆ ಪೂಜಾರಿಯೇ ಕೊಟ್ಟುಬಿಡುವುದು. ಹಾಗಾದರೆ ನಿನಗೆ ದೇವರ ಮೇಲೆ ನಂಬಿಕೆ ಇಲ್ಲವೇ ಎಂದೆ. ಅವಳು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು. ನಂಬಿಕೆ ಇಲ್ಲದಿದ್ದರೆ ಕಂಬಳಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದೆನೇ ಎಂದಳು. ಅವನ ಕೈಕೆಳಗೆ ನಾನು ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತೇನೆ, ದೊಡ್ಡ ಕೆಲಸ ಅವನದೇ ಎಂದಳು. ಒಂದು ಕಟ್ಟುಪಾಡು ಮಾತ್ರ ಇತ್ತು. ತನ್ನ ಮನೆಯ ಮಾತಿಗೆ ತಾನೇ ಹೂ ಹಚ್ಚುವಂತಿಲ್ಲ, ಬೇರೆ ಕೈಯಿಂದ ಹಚ್ಚಿಸಬೇಕು. ಅದು ಕಾಕಾ ಹಾಕಿಹೋದ ಗೆರೆ.

ಅಷ್ಟರಲ್ಲಿ ಊರಿನಲ್ಲಿ ಬೀರಪ್ಪನಿಗೆ ಸಿಮೆಂಟಿನ ಗುಡಿ ಎದ್ದಿತ್ತು. ಕಬ್ಬಿನ ದುಡ್ಡಿನಲ್ಲಿ ನೆಲಕ್ಕೆ ಫರಸಿ ಕಲ್ಲು, ಮೇಲೆ ಮೈಕು. ಮೈಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾಡು. ನಾನು ಹೋದಾಗೊಮ್ಮೆ ಇಣುಕಿ ನೋಡಿದೆ, ಒಳಗೆ ಒಬ್ಬ ಮುದುಕ ನೆರಳಿಗೆ ಮಲಗಿದ್ದ. ದೇವರ ಮನೆ ದೊಡ್ಡದಾಗಿತ್ತು. ಅವನ ಹತ್ತಿರ ಕೂತು ಅಳುವವರು ಯಾರೂ ಇರಲಿಲ್ಲ.

ತಾರವ್ವನನ್ನು ಐನಾಪುರಕ್ಕೆ ಕೊಟ್ಟಿದ್ದರು. ಗಂಡ ಹಾಲಸಿದ್ದ ಒಳ್ಳೆಯ ಹುಡುಗ, ಆದರೆ ಅವ್ವನ ಮಾತು ಮೀರುವವನಲ್ಲ. ತೊಂಬತ್ತೆರಡರ ದೀಪಾವಳಿ ಹೊತ್ತಿಗೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಬಂದಾಗಲೇ ಕಾಲು ಬಾತಿದ್ದವು. ಹೊಸ್ತಿಲು ದಾಟುತ್ತಲೇ, ಅಣ್ಣಾ, ನಿನ್ನ ಬಸ್ಸ ಕುಣಿಸಿ ಕುಣಿಸಿ ಕಾಲ ಬಾತಾವ ಎಂದು ನನ್ನನ್ನು ಕಾಡಿದಳು. ವಾರ ಕಳೆಯುವಷ್ಟರಲ್ಲಿ ಮುಖವೂ ಬಾತಿತು, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎನ್ನತೊಡಗಿದಳು. ಓಣಿಯ ಡಾಕ್ಟರ್‌ಬಾಯಿ ನೋಡಿ, ರಕ್ತದೊತ್ತಡ ಏರಿದೆ, ಇವತ್ತೇ ಮಿರಜಿನ ದೊಡ್ಡ ದವಾಖಾನೆಗೆ ಒಯ್ಯಿರಿ, ಬೇಕಾದರೆ ಹೊಟ್ಟೆ ಕೊಯ್ದು ಕೂಸನ್ನು ತೆಗೆಯುತ್ತಾರೆ, ತಡ ಮಾಡಬೇಡಿ ಎಂದರು. ಐನಾಪುರದ ಬೀಗಿತ್ತಿ ಮಾತ್ರ ಮೊದಲೇ, ನಮ್ಮ ಮನೆತನದಲ್ಲಿ ಯಾರ ಹೊಟ್ಟೆಯನ್ನೂ ಕೊಯ್ಸಿಲ್ಲ, ಕೊಯ್ಸಿದರೆ ಸೊಸೆಯನ್ನು ಅಲ್ಲೇ ಇಟ್ಟುಕೊಳ್ಳಿರಿ ಎಂದು ಹೇಳಿಕಳಿಸಿದ್ದಳು. ನಾನು ಜೀಪು ಗೊತ್ತುಮಾಡಿ ಓಣಿಯ ಬಾಯಿಗೆ ತಂದು ನಿಲ್ಲಿಸಿದೆ. ಒಳಗೆ ಬಂದರೆ ಚಿಗವ್ವ ಕಲ್ಲಿನ ಮುಂದೆ ಕೂತಿದ್ದಳು.

ನನಗೆ ಗಾಬರಿಯಾಗಲಿಲ್ಲ. ಖರೇ ಹೇಳುತ್ತೇನೆ, ಸಮಾಧಾನವೇ ಆಯಿತು. ಹೆಬ್ಬೆರಳು ತೊಯಿಸುತ್ತಾಳೆ, ಬಲದ ಎಸಳು ಬೀಳುತ್ತದೆ, ದೇವರು ಮಿರಜಿಗೆ ಹೋಗು ಅಂದ ಎಂದು ಬೀಗಿತ್ತಿಯ ಬಾಯಿ ಮುಚ್ಚಿಸಬಹುದು ಎಂದುಕೊಂಡೆ. ಹೆಂಗಸರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಚಿಗವ್ವ ಎರಡೂ ಕೈಯನ್ನು ಸೆರಗಿನಿಂದ ಒರೆಸಿಕೊಂಡಳು. ಬೆರಳ ಸಂದಿಯನ್ನೂ ಬಿಡದೆ ಒರೆಸಿಕೊಂಡಳು. ಆಮೇಲೆ ಎಸಳುಗಳನ್ನು ಮೆಹರುಬಿಯ ಕಡೆ ಚಾಚಿದಳು.

ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಯಲ್ಲಿ ಹೇಳಿದೆ. "ಚಿಗವ್ವ, ನೀನ ಹಚ್ಚ. ದಿನಾ ಹಚ್ಚಿದಾಂಗ ಹಚ್ಚ."

"ಸುಮ್ನಿರೋ ಭರಮು" ಎಂದಳು. "ಮಂದಿಗೆ ಹಚ್ಚಿದ್ದು ಬ್ಯಾರೆ. ಇದು ನನ್ನ ಮಗಳ ಜೀವ. ಇದರಾಗ ನನ್ನ ಕೈ ಆಡಬಾರದು. ಅಂವಾ ಏನಂತಾನ ಅದನ್ನ ನಾ ಕೇಳಬೇಕು."

ಮೆಹರುಬಿ ಬೀಡಿ ಎಲೆ ಬಿಟ್ಟು ಎದ್ದು ಬಂದವಳು. ಬೀಡಿ ಎಲೆ ಯಾವಾಗಲೂ ತೊಯ್ದಿರುತ್ತವೆ, ಅವಳ ಕೈ ಹಸಿಯಾಗಿತ್ತು. ತಾರವ್ವನನ್ನು ಅವಳು ಸ್ವಂತ ಮಗಳಂತೆ ಆಡಿಸಿದವಳು. ಮೊದಲು ಬಲದ ಎಸಳನ್ನು ತೆಗೆದುಕೊಂಡಳು. ಬಲ ಎಂದರೆ ಹೂಂ ಎಂಬುದು ಅವಳಿಗೂ ಗೊತ್ತಿತ್ತಲ್ಲ, ಅದಕ್ಕೇ ಹೆಚ್ಚು ಭಕ್ತಿ ಮಾಡಿದಳು. ಕಣ್ಣಿಗೊತ್ತಿಕೊಂಡು, ಬಿಸ್ಮಿಲ್ಲಾ ಎಂದು, ಹಸಿ ಬೆರಳಿನಿಂದ ಮೆತ್ತಗೆ ಪೂರ್ತಿಯಾಗಿ ಒತ್ತಿ ಹಚ್ಚಿದಳು. ಎಡದ್ದನ್ನು ಸುಮ್ಮನೆ ತಾಗಿಸಿದಳು. ಎಡ ಯಾರಿಗೆ ಬೇಕಾಗಿತ್ತು? ನಾನು ಕೂಗಬೇಕು ಅನ್ನುವಷ್ಟರಲ್ಲಿ ಎಡದ ಎಸಳು ಜಾರಿ ಭಂಡಾರದ ಮೇಲೆ ಬಿತ್ತು.

ನಾನು ಎದ್ದು, ಇದೆಲ್ಲ ಹಸಿ ಕೈಯ ಆಟ, ಏಳ್ರಿ ಜೀಪು ನಿಂತದ ಎಂದೆ. ತಾರವ್ವನ ರಟ್ಟೆ ಹಿಡಿದು ಎತ್ತಿದೆ. ಆಗ ಬಾಗಿಲಲ್ಲಿದ್ದ ಹೆಂಗಸರು ಅಡ್ಡ ನಿಂತರು. ಎಲ್ಲರಿಗಿಂತ ಮುಂದೆ ಮಲಕವ್ವ. ದೇವರು ಬೇಡ ಅಂದ ಮೇಲೆ ಹೊರಗೆ ಒಯ್ದರೆ ದಾರಿಯಲ್ಲೇ ಹೋಗುತ್ತಾಳೆ, ನೀ ಪ್ಯಾಂಟು ಹಾಕಿದವ, ನಿನಗೇನು ಗೊತ್ತು ಎಂದಳು. ಆ ಗುಳಿಗೆ ನುಂಗಿ ಬದುಕಿದ ಹೆಂಗಸು! ದವಾಖಾನೆಯ ದಾರಿ ಅವಳಿಗೆ ತೋರಿಸಿದ್ದೇ ಈ ಕಲ್ಲು, ಈಗ ಅದೇ ಕಲ್ಲಿನ ಮೇಲೆ ಆಣೆ ಇಟ್ಟು ದವಾಖಾನೆಯ ದಾರಿಗೆ ಅಡ್ಡ ನಿಂತಿದ್ದಳು. ನಾನು ಚಿಗವ್ವನ ಮುಖ ನೋಡಿದೆ. ಅವಳು ಬಿದ್ದ ಎಸಳನ್ನೇ ನೋಡುತ್ತಿದ್ದಳು. ತಾರವ್ವ ಸಣ್ಣ ದನಿಯಲ್ಲಿ, ಅವ್ವ ಅಂದಾಂಗ ಆಗಲಿ ಅಣ್ಣಾ ಎಂದು ನನ್ನ ಕೈ ಬಿಡಿಸಿಕೊಂಡಳು. ಜೀಪಿನವನು ಸಂಜೆಯವರೆಗೆ ಕಾದು, ಬೈದು ಹೋದ.

ಮರುದಿನ ಮಧ್ಯಾಹ್ನ ತಾರವ್ವನಿಗೆ ಹಲ್ಲು ಕಚ್ಚಿಕೊಂಡು ಸೆಳೆತ ಬಂತು. ಆಗ ಯಾವ ದೇವರನ್ನೂ ಯಾರೂ ಕೇಳಲಿಲ್ಲ. ಜಾಫರಸಾಬನ ಟೆಂಪೋದಲ್ಲಿ ಹಾಕಿಕೊಂಡು ಹೊರಟೆವು. ದಾರಿಯಲ್ಲೇ ಹೋದಳು. ಕೂಸೂ ಉಳಿಯಲಿಲ್ಲ. ಚಿಗವ್ವ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನನಗೆ ಅವಳ ಮೇಲೆ ಹಾಳು ಸಿಟ್ಟು ಬಂದಿತ್ತು. ಅವಳನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಎರಡೂ ಒಟ್ಟಿಗೇ ಇದ್ದವು.

ಆಮೇಲೆ ಚಿಗವ್ವ ಕಲ್ಲಿನ ಮೇಲೆ ಕಂಬಳಿ ಮುಚ್ಚಿದಳು. ವಖಾರಿಗೆ ಹೋಗುವುದು, ಬರುವುದು, ಗೋಡೆಗೆ ಮುಖ ಮಾಡಿ ಮಲಗುವುದು. ಓಣಿಯ ಹೆಂಗಸರ ನಂಬಿಕೆ ಹಾರಿಹೋಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಗಿದ್ದು ಬೇರೆಯೇ. ದಾರಿಯಲ್ಲೇ ಹೋದಳಲ್ಲ, ದೇವರು ಮುಂಚೆಯೇ ಹೇಳಿರಲಿಲ್ಲವೇ ಎಂದರು! ಒಯ್ದದ್ದೇ ತಪ್ಪು ಎಂದರು. ಒಂದು ದಿನ ಮೊದಲು ಒಯ್ದಿದ್ದರೆ ಬದುಕುತ್ತಿದ್ದಳು ಎಂದು ನಾನು ಹಲ್ಲು ಕಡಿದರೆ, ಅಯ್ಯ ಪಾಪ, ತಂಗಿ ಹೋದ ದುಃಖಕ್ಕೆ ಹೀಗೆ ಮಾತಾಡುತ್ತಾನೆ ಎಂದು ನನಗೇ ಸಮಾಧಾನ ಹೇಳಿದರು. ಇಂಥವರ ಜೊತೆ ಏನು ವಾದ ಮಾಡುತ್ತೀರಿ?

ಅದೂ ಅಲ್ಲಿಗೇ ನಿಲ್ಲಲಿಲ್ಲ. ಆ ಚಳಿಗಾಲದಲ್ಲಿ ಹೊರಗಿನ ಗಾಳಿಯೂ ಕೆಟ್ಟಿತ್ತು. ಪೇಪರು ತೆರೆದರೆ ಬೆಂಕಿ, ರೇಡಿಯೋ ಹಾಕಿದರೆ ಕರ್ಫ್ಯೂ. ನಮ್ಮ ಓಣಿಯಲ್ಲಿ ಯಾರೂ ಕಲ್ಲು ಎಸೆಯಲಿಲ್ಲ. ಆದರೆ ನಲ್ಲಿಯ ಹತ್ತಿರ ಒಂದು ಮಾತು ಹುಟ್ಟಿತು. ದೇವರು ಸುಮ್ಮನೆ ಬೇಡ ಅಂದನೇ? ಯಾವ ಕೈ ಹೂ ಹಚ್ಚಿತು ನೋಡಿರಿ. ಬೇರೆ ಜಾತಿಯ ಕೈ ಮುಟ್ಟಿದ್ದಕ್ಕೆ ಬೀರಪ್ಪ ಸಿಟ್ಟಾದ. ಇಷ್ಟು ವರ್ಷ ಅದೇ ಕೈಯಿಂದ ಚಹಾ ಕುಡಿದ ಬಾಯಿಗಳು ಈ ಮಾತು ಆಡಿದವು. ಮೆಹರುಬಿ ನಲ್ಲಿಗೆ ಕೊಡ ಹಿಡಿದು ಬಂದರೆ ದಾರಿ ಬಿಡತೊಡಗಿದರು. ಮರ್ಯಾದೆಗೆ ಬಿಡುವುದು ಬೇರೆ, ಮೈಲಿಗೆಗೆ ಬಿಡುವುದು ಬೇರೆ. ಅತ್ತ ಅವಳ ಮನೆಯಲ್ಲೂ ಸುಖವಿರಲಿಲ್ಲ. ಮಸೀದಿಯ ಹೊಸ ಹುಡುಗರು ಜಾಫರಸಾಬನನ್ನು ಕರೆದು, ನಿನ್ನ ಹೆಂಡತಿ ಕಲ್ಲಿಗೆ ಹೂ ಏರಿಸುತ್ತಾಳಂತೆ, ಇದೇನು ಮುಸಲ್ಮಾನರ ನಡತೆಯೇ ಎಂದು ಕೇಳಿದ್ದರು. ಮನೆ ಬಿಟ್ಟು ಸಂಕೇಶ್ವರಕ್ಕೆ ಹೋಗಿಬಿಡೋಣ ಎನ್ನುತ್ತಿದ್ದ ಅವನು. ಎರಡೂ ಕಡೆಯವರಿಗೆ ಭಕ್ತಿ ಭಾರಿ ಹೆಚ್ಚಿತ್ತು ನೋಡಿ ಆ ವರ್ಷ.

ಇದೆಲ್ಲಕ್ಕಿಂತ ಕೆಟ್ಟದ್ದೆಂದರೆ ಮೆಹರುಬಿಯೇ ಆ ಮಾತನ್ನು ನಂಬಿದ್ದಳು. ಬೀಡಿ ಸುತ್ತುವುದನ್ನು ಬಿಟ್ಟಿದ್ದಳು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿರುತ್ತಿದ್ದಳು. ಊಟ ಬಿಟ್ಟು ಕಡ್ಡಿಯಾಗಿದ್ದಳು. ಒಂದು ದಿನ ನನ್ನನ್ನು ಕಂಡು, ಭರಮಣ್ಣಾ, ಈ ಕೈಗಳೇ ತಾರಾನ್ನ ತಿಂದವು ಎಂದಳು. ನನಗೆ ತಡೆಯಲಾಗಲಿಲ್ಲ. ಸೀದಾ ಚಿಗವ್ವನ ಹತ್ತಿರ ಹೋಗಿ ಎಲ್ಲ ಹೇಳಿದೆ. ನೀ ಗೋಡೆ ನೋಡುತ್ತ ಕೂತುಕೋ, ಎದುರು ಮನೆಯಲ್ಲಿ ಇನ್ನೊಬ್ಬಳು ಸಾಯಲಿಕ್ಕೆ ಹತ್ತಿದ್ದಾಳೆ ಎಂದು ಬೈದೆ. ಚಿಗವ್ವ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಭಾನುವಾರ ಎಲ್ಲರನ್ನೂ ಕರೆ ಎಂದಳು ಆಮೇಲೆ.

ಭಾನುವಾರ ಓಣಿಗೆ ಓಣಿಯೇ ಬಂತು. ಚಿಗವ್ವ ಕಂಬಳಿ ಸರಿಸಿ ಕಲ್ಲಿಗೆ ನೀರು ಹಾಕಿದಳು. ಮೆಹರುಬಿಯನ್ನು ತಾನೇ ಹೋಗಿ ಕರೆತಂದು ಕಲ್ಲಿನ ಮುಂದೆ ಕೂರಿಸಿದಳು. ಜಾಫರಸಾಬ ಬಾಗಿಲ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಚಿಗವ್ವ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

"ನನ್ನ ಮಗಳಿಗೆ ಹೂ ಹಚ್ಚಿದ ಕೈ ಶುದ್ಧ ಐತೋ ಇಲ್ಲೋ, ಬೀರಪ್ಪನ್ನ ಕೇಳತೀನಿ. ಅಶುದ್ಧ ಅಂದ್ರ ಈ ಕಲ್ಲ ಹೊಳಿಗೆ ಹಾಕತೀನಿ. ಶುದ್ಧ ಅಂದ್ರ ಇನ್ನ ಮ್ಯಾಗ ನಲ್ಲಿ ಮುಂದ ಯಾರೂ ಬಾಯಿ ತೆರಿಬಾರದು."

ತನ್ನ ಮನೆಯ ಮಾತಿಗೆ ತಾನು ಹೂ ಹಚ್ಚಬಾರದಲ್ಲ ಎಂದು ಮಲಕವ್ವ ಮೆಲ್ಲಗೆ ನೆನಪು ಮಾಡಿದಳು. ಇದು ಮೆಹರುಬಿಯ ಮಾತು, ನನ್ನದಲ್ಲ ಎಂದು ಚಿಗವ್ವ ಕೂತಳು. ತಂಬಿಗೆಯಲ್ಲಿ ಎಸಳು ಅದ್ದಿದಳು. ಬಲದ್ದನ್ನು ಸುಮ್ಮನೆ ತಾಗಿಸಿದಳು. ಆಮೇಲೆ ಹೆಬ್ಬೆರಳನ್ನು ಇನ್ನೊಮ್ಮೆ ನೀರಿನಲ್ಲಿ ಮುಳುಗಿಸಿದಳು. ಅದನ್ನು ನೋಡಿದವನು ಆ ಕೋಣೆಯಲ್ಲಿ ನಾನೊಬ್ಬನೇ. ಎಡದ ಎಸಳನ್ನು ಅಂಚು ಕೂಡ ಏಳದಂತೆ ಒತ್ತಿದಳು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯಿತು. ಬಲದ ಎಸಳು ಬಿತ್ತು.

ಮಲಕವ್ವ ಮೊದಲು ಅತ್ತಳು, ಆಮೇಲೆ ಎಲ್ಲರೂ. ಮೆಹರುಬಿ ಸೆರಗಿನಿಂದ ಕೈ ಹೊರಗೆ ತೆಗೆದು, ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಯಾರೋ ಒಬ್ಬರು ಅವಳ ಕೊಡ ತಂದು ತಾವೇ ನೀರು ತುಂಬಿದರು. ಜಾಫರಸಾಬ ಸಂಕೇಶ್ವರದ ಮಾತನ್ನು ಮತ್ತೆ ಎತ್ತಲಿಲ್ಲ. ಮಸೀದಿಯ ಹುಡುಗರು ಮಾತ್ರ ಮೆಹರುಬಿ ಇನ್ನು ಆ ಹೊಸ್ತಿಲು ತುಳಿಯಬಾರದು ಎಂದು ಅವನಿಂದ ಮಾತು ತೆಗೆದುಕೊಂಡರು. ಅವಳು ತುಳಿಯಲಿಲ್ಲ. ತನ್ನ ಬಾಗಿಲಲ್ಲೇ ಕೂತು, ಅಲ್ಲಿಂದಲೇ ಕೂಗಿ ಸಾಲು ಹಚ್ಚುತ್ತಿದ್ದಳು.

ಆ ಭಾನುವಾರ ಎಲ್ಲರೂ ಹೊರಗೆ ಹೋದ ಮೇಲೆ ಚಿಗವ್ವ ಕಲ್ಲಿನ ಮೇಲಿದ್ದ ಎಡದ ಎಸಳನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. ಅದು ಅಷ್ಟು ಗಟ್ಟಿಯಾಗಿ ಅಂಟಿತ್ತು. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಮೂರು ತಿಂಗಳಿನಿಂದ ಕೇಳದೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. "ಇಷ್ಟ ಮಾಡಾಕ ಬರತೈತಿ ನಿನಗ. ಆವತ್ತ ಯಾಕ ಮಾಡಲಿಲ್ಲ, ಚಿಗವ್ವ?"

ಎಸಳು ಕೈಗೆ ಬಂತು. ಅವಳು ಅದನ್ನು ನೋಡುತ್ತಲೇ ಹೇಳಿದಳು.

"ಮಂದಿಗೆಲ್ಲಾ ನಾ ಇದ್ನಿ, ಭರಮು. ನನಗ ಯಾರಿದ್ರು? ಆವತ್ತ ನನಗ ಒಬ್ಬಾಂವ ಬೇಕಾಗಿದ್ದ. ಖರೇನ ಅದಾನೇನ ಅಂತ ಕೈ ಒರಸಿಕೊಂಡ ಕೇಳಿದ್ನಿ."

ಹೊರಗೆ ಮೆಹರುಬಿ ಯಾರನ್ನೋ ನಿಲ್ಲಿಸಿ ಮಾತಾಡಿಸುತ್ತಿದ್ದಳು, ಎಷ್ಟೋ ದಿನದ ಮೇಲೆ ಅವಳ ದನಿ ಏರಿತ್ತು. ಬಂದವಳು ಎಳೆಯ ಬಸುರಿ, ವಖಾರಿಯ ಹೊಸ ಹುಡುಗಿ. ಕಾಲು ಬಾತಿದ್ದವು. ದವಾಖಾನೆಗೆ ಹೋಗಲೋ ಬೇಡವೋ ದೇವರನ್ನು ಕೇಳಬೇಕಿತ್ತು ಎಂದಳು. ಚಿಗವ್ವ ಅವಳ ಕಾಲು ನೋಡಿದಳು. ಕೂಡ್ರವ್ವ ಎಂದು ಚಾಪೆ ಸರಿಸಿ, ತಂಬಿಗೆಯನ್ನು ಹತ್ತಿರ ಎಳೆದುಕೊಂಡು ಹೆಬ್ಬೆರಳನ್ನು ನೀರಿನಲ್ಲಿ ಅದ್ದಿದಳು.